ಅತ್ತೆಯ ಎರಡನೇ ಗೇರು

ನನ್ನ ಕೋಪ ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವಳು ನಾನು. ಒಂದೇ ತಪ್ಪನ್ನು ಮೂರನೇ ಸಲ ನೋಡಿದರೆ ತಡೆದುಕೊಳ್ಳಲು ಆಗುವುದಿಲ್ಲ. ಅಂಥವಳು ಅರವತ್ತೊಂದು ವರ್ಷದ ಅತ್ತೆಗೆ ಕಾರು ಕಲಿಸಲು ಹೊರಟೆ ಎಂದರೆ ಅವರ ಪಾಡು ಏನಾಗಿರಬೇಡ!

ಅವರಿಗೆ ಕಾಟ ಕೊಟ್ಟದ್ದು ಎರಡನೇ ಗೇರು. ಮೊದಲನೆಯದು ಸಲೀಸಾಗಿ ಬೀಳುತ್ತಿತ್ತು. ಎರಡನೆಯದಕ್ಕೆ ಎಳೆದರೆ ಕಾರು ಕರ್ರ್ ಎಂದು ಹಲ್ಲು ಕಡಿಯುತ್ತಿತ್ತು. ಲೈಸೆನ್ಸ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾದದ್ದೂ ಅಲ್ಲೇ. ಎರಡನೇ ಸಲ ಮನೆಗೆ ಬಂದು, “ಈ ಗಾಡಿಗೇ ಏನೋ ಆಗಿದೆ ಕಣೇ” ಎಂದರು. ನಾನು ಸುಮ್ಮನಿರಬೇಕಿತ್ತು. “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಎಂದುಬಿಟ್ಟೆ.

ಸೊಸೆ ಅತ್ತೆಗೆ ಆಡುವ ಮಾತೇ ಅದು? ಅವರು ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋದರು. ಮಾರನೆಯ ದಿನ ಬಟ್ಟೆ ಮಡಚುತ್ತಾ ತಣ್ಣಗೆ ಹೇಳಿದರು: “ಇನ್ನೊಂದೇ ಸಲ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಬಿಟ್ಬಿಡ್ತೀನಮ್ಮ. ಅಕ್ಕನ ಮನೆಗೆ ಹೋಗ್ಬೇಕು ಅನ್ನಿಸಿದ್ರೆ ಮೊದಲಿನ ಹಾಗೆ ನಿಮ್ಮನ್ನೇ ಕೇಳ್ತೀನಿ.”

ಅವರ ಅಕ್ಕ ಇರುವುದು ಊರಿನ ಆ ತುದಿಯಲ್ಲಿ. ಎರಡು ಬಸ್ಸು ಬದಲಾಯಿಸಬೇಕು, ಅತ್ತೆಯ ಮೊಣಕಾಲು ಕೇಳುವುದಿಲ್ಲ. “ಈ ವಾರ ಆಗಲ್ಲ, ಮುಂದಿನ ವಾರ ನೋಡೋಣ” ಎಂದು ನಾನೂ ನನ್ನ ಗಂಡನೂ ಎಷ್ಟು ಸಲ ಹೇಳಿದ್ದೇವೋ ಲೆಕ್ಕವಿಲ್ಲ. ಮೂವತ್ತು ವರ್ಷ ಹೊಲಿಗೆ ಅಂಗಡಿ ನಡೆಸಿ, ಯಾರ ಹಂಗೂ ಇಲ್ಲದೆ ಮಗನನ್ನು ಓದಿಸಿದ ಹೆಂಗಸು ಸ್ವಂತ ಅಕ್ಕನನ್ನು ನೋಡಲು ನಮ್ಮ ಅಪ್ಪಣೆಗೆ ಕಾಯುತ್ತಿದ್ದರು. ಅದು ನನಗೆ ಹೊಳೆದದ್ದು ಆ ದಿನವೇ, ಮತ್ತು ನಾಚಿಕೆಯಾಯಿತು.

ನಾಚಿಕೆಯಾದರೆ ನಾನು ಏನಾದರೂ ಕೆಲಸಕ್ಕೆ ಕೈ ಹಾಕುವವಳು. ಕಾರಿನ ಪುಸ್ತಕ ತೆಗೆದು ನೋಡಿದೆ. ಗೇರ್ ಆಯಿಲ್ ಇಷ್ಟು ವರ್ಷಕ್ಕೊಮ್ಮೆ ಬದಲಾಯಿಸಬೇಕು ಎಂದಿತ್ತು. ನಾವು ಹನ್ನೊಂದು ವರ್ಷದಲ್ಲಿ ಅದರ ಮುಖವನ್ನೇ ನೋಡಿರಲಿಲ್ಲ. ಪುಸ್ತಕ ಹೇಳಿದ ನಮೂನೆಯದೇ ಆಯಿಲ್ ತಂದೆ. ಪರೀಕ್ಷೆಯ ದಿನ ರಜೆ ಹಾಕಿದೆ. ಗಂಡ ರೈಲಿನ ಗಾರ್ಡು, ಎರಡು ದಿನ ಮನೆಗೆ ಬರುವ ಹಾಗಿರಲಿಲ್ಲ. ಪರೀಕ್ಷೆ ಮಧ್ಯಾಹ್ನ ಮೂರಕ್ಕೆ. ಬೆಳಿಗ್ಗೆ ಎಂಟಕ್ಕೆಲ್ಲ ಕಾರನ್ನು ಜಾಕ್ ಹಾಕಿ ಎತ್ತಿ, ನಾಲ್ಕೂ ಕಡೆ ಸ್ಟ್ಯಾಂಡ್ ಕೊಟ್ಟು, ಸಮವಾಗಿ ನಿಂತಿದೆಯೇ ಎಂದು ನೋಡಿ ಕೆಳಗೆ ತೂರಿಕೊಂಡೆ.

ಗೇರ್ ಬಾಕ್ಸಿಗೆ ಎರಡು ಬೋಲ್ಟು. ಕೆಳಗಿನದನ್ನು ಬಿಚ್ಚಿದರೆ ಹಳೆಯ ಆಯಿಲ್ ಇಳಿಯುತ್ತದೆ. ಪಕ್ಕದಲ್ಲಿ ಮೇಲಿರುವುದನ್ನು ಬಿಚ್ಚಿ ಹೊಸದನ್ನು ತುಂಬಬೇಕು. ಕೆಳಗಿನದು ಸುಲಭವಾಗಿ ಬಂತು. ಕಪ್ಪಗೆ ಮಸಿಯಂಥ ಆಯಿಲ್ ಬೋಗುಣಿಗೆ ಇಳಿಯಿತು. ಪೂರ್ತಿ ಇಳಿದ ಮೇಲೆ ಹೊಸ ವಾಷರ್ ಹಾಕಿ ಮುಚ್ಚಿ, ಮೇಲಿನ ಬೋಲ್ಟಿಗೆ ಸ್ಪ್ಯಾನರ್ ಕೊಟ್ಟೆ. ಅದು ಜಪ್ಪಯ್ಯ ಅನ್ನಲಿಲ್ಲ. ಕಾಲನ್ನು ಗೋಡೆಗೆ ಒತ್ತಿ ಎಳೆದೆ. ಸ್ಪ್ಯಾನರ್ ಜಾರಿ ಬೋಲ್ಟಿನ ಒಂದು ಮೂಲೆ ಸವೆಯಿತು, ನನ್ನ ಗೆಣ್ಣಿನ ಚರ್ಮ ಕಿತ್ತು ಬಂತು.

ಆಗ ನನ್ನ ಬುದ್ಧಿಗೇಡಿತನ ಅರ್ಥವಾಯಿತು. ತುಂಬುವ ದಾರಿ ತೆರೆಯುತ್ತದೋ ಇಲ್ಲವೋ ನೋಡದೆ ಇದ್ದದ್ದನ್ನು ಖಾಲಿ ಮಾಡಿದ್ದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಮಕ್ಕಳಿಗೆ ದಿನಾ ಹೇಳುವವಳು ನಾನೇ. ಮೆಕ್ಯಾನಿಕ್‌ಗೆ ಫೋನ್ ಮಾಡಿದೆ.

“ಅದೇನ್ ದೊಡ್ಡ ವಿಷ್ಯ ಮೇಡಂ, ಗಾಡಿ ಇಲ್ಲಿಗೆ ತಗೊಂಬನ್ನಿ” ಎಂದ.

“ಆಯಿಲೇ ಇಲ್ವಲ್ಲಪ್ಪಾ!”

“ಅಯ್ಯೋ, ಹಾಗಾದ್ರೆ ತರ್ಬೇಡಿ” ಎಂದು ಫೋನಿಟ್ಟ.

ನಾನು ಕಾರಿನ ಕೆಳಗೇ ಮಲಗಿ, ಈ ಬೋಲ್ಟು ಬಿಗಿದವನ ವಂಶವನ್ನೆಲ್ಲ ಬೈಯುತ್ತಿದ್ದಾಗ ಎರಡು ಪಾದಗಳು ಬಂದು ನಿಂತವು.

“ಯಾರಿಗೆ ಪೂಜೆ ನಡೀತಿದೆ?” ಎಂದರು ಅತ್ತೆ.

ಹೇಳಿದೆ. ಅತ್ತೆ ಬೈಯಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೊಲಿಗೆ ಮೆಷಿನ್ನಿನ ಎಣ್ಣೆ ಬುಡ್ಡಿಯನ್ನೂ ಸಣ್ಣ ಸುತ್ತಿಗೆಯನ್ನೂ ತಂದು ನನ್ನ ಕೈಗಿತ್ತರು. “ಬೋಲ್ಟಿನ ಸುತ್ತ ಎಣ್ಣೆ ಬಿಡು. ತಲೆ ಮೇಲೆ ಮೆತ್ತಗೆ ತಟ್ಟು. ಆಮೇಲೆ ಅರ್ಧ ಗಂಟೆ ಮುಟ್ಬೇಡ.”

“ಅರ್ಧ ಗಂಟೆನಾ? ಪರೀಕ್ಷೆ ಇದೆ ಅತ್ತೆ!”

“ಪರೀಕ್ಷೆ ನಂದು. ನಿಂಗ್ಯಾಕೆ ಗಾಬರಿ?”

ಕಾಯುವಾಗ ಕೈ ಸುಮ್ಮನಿರದೆ ಹಳೆಯ ಆಯಿಲನ್ನು ಅಳತೆ ಜಾಡಿಗೆ ಸುರಿದೆ. ಎರಡು ಲೀಟರ್ ಇರಬೇಕಾದ ಕಡೆ ಇದ್ದದ್ದು ಒಂದೂಕಾಲು. ಜಾಡಿಯನ್ನೇ ನೋಡುತ್ತಾ ಕೂತೆ. ನಾನು ಓಡಿಸುವಾಗ ಎರಡನೇ ಗೇರು ಯಾಕೆ ಕೂಗುವುದಿಲ್ಲ? ಮೊದಲನೆಯದರಿಂದ ಎಳೆದು, ಮಧ್ಯದಲ್ಲಿ ಒಂದು ಗಳಿಗೆ ನಿಲ್ಲಿಸಿ, ಆಮೇಲೆ ನೂಕುತ್ತಿದ್ದೆ. ಕಾರಿನ ಕುಂಟುತನಕ್ಕೆ ನನ್ನ ಕೈ ಎಂದೋ ಒಗ್ಗಿಹೋಗಿತ್ತು. ಅತ್ತೆ ಮಾತ್ರ ನಾನು ಹೇಳಿಕೊಟ್ಟ ಹಾಗೆ, ಮಧ್ಯದಲ್ಲಿ ನಿಲ್ಲಿಸದೆ, ಸರಿಯಾಗಿ ಎಳೆಯುತ್ತಿದ್ದರು.

“ಅತ್ತೆ,” ಎಂದೆ, “ನೆಲಾನೇ ಡೊಂಕಾಗಿತ್ತು. ನಿಮ್ಮ ತಪ್ಪೇನೂ ಇರ್ಲಿಲ್ಲ. ಆವತ್ತು ಹಾಗಂದಿದ್ದಕ್ಕೆ ನನ್ನ ಬಾಯಿಗಿಷ್ಟು ಬೆಂಕಿ ಹಾಕ.”

ಅತ್ತೆ ಜಾಡಿ ತೆಗೆದುಕೊಂಡು ಬೆಳಕಿಗೆ ಹಿಡಿದರು.

“ನನ್ನ ಕೈಗೇ ವಯಸ್ಸಾಯ್ತು ಅಂದ್ಕೊಂಡಿದ್ದೆ ಕಣೇ” ಎಂದರು. “ಸೂಜಿಗೆ ದಾರ ಪೋಣಿಸಿ ಪೋಣಿಸಿ ನೋಡ್ತಿದ್ದೆ, ನಡುಗ್ತಿದ್ಯಾ ಅಂತ.”

ನನಗೆ ಅಳು ಬಂತು. ಅವರು ಎಣ್ಣೆಗೈಯಲ್ಲೇ ನನ್ನ ಕೆನ್ನೆ ಒರೆಸಿ ಇನ್ನಷ್ಟು ಕಪ್ಪು ಮಾಡಿದರು. “ಏಳು, ಏಳು. ಅರ್ಧ ಗಂಟೆ ಆಯ್ತು.”

ಮೊಣಕಾಲನ್ನೂ ಲೆಕ್ಕಿಸದೆ ಹಾಸಿದ ರಟ್ಟಿನ ಮೇಲೆ ಅಂಗಾತ ಮಲಗಿ ಅವರೇ ಕೆಳಗೆ ಜರುಗಿದರು. ಸ್ಪ್ಯಾನರ್ ಬದಲು ಬೋಲ್ಟಿನ ತಲೆಯನ್ನು ಸುತ್ತಲೂ ಹಿಡಿಯುವ ಸಾಕೆಟ್ ಹಾಕಿದರು. ಆಮೇಲೆ ಬಿಚ್ಚುವ ಕಡೆಗಲ್ಲ, ಬಿಗಿಯುವ ಕಡೆಗೆ ತಿರುಗಿಸಿದರು!

“ಅತ್ತೆ, ಉಲ್ಟಾ!”

“ಗೊತ್ತು. ಹಟ ಹಿಡಿದ ಸ್ಕ್ರೂಗೆ ಮೊದ್ಲು ಅದರ ಇಷ್ಟದ ಕಡೆಗೇ ಒಂದು ಕೂದಲೆಳೆ ಬಿಡ್ಬೇಕು. ಎಷ್ಟು ಮೆಷಿನ್ ಬಿಚ್ಚಿಲ್ಲ ನಾನು!” ಟಕ್ ಎಂದಿತು. “ಈಗ ಈ ಕಡೆ.” ಬೋಲ್ಟು ತಿರುಗಿತು. ನಾನು ಕಿರುಚಿದ್ದಕ್ಕೆ ಪಕ್ಕದ ಮನೆಯವರು ಕಿಟಕಿ ತೆರೆದು ನೋಡಿದರು.

ತುಂಬಿಸುವಾಗ ಅತ್ತೆ ಮೇಲೆ, ನಾನು ಕೆಳಗೆ. ಬಾನೆಟ್ ಎತ್ತಿ, ಉದ್ದನೆಯ ಕೊಳವೆಗೆ ಆಲಿಕೆ ಸಿಕ್ಕಿಸಿ ಅವರು ಸುರಿದರು. ಬೋಲ್ಟು ಬಿಚ್ಚಿದ ತೂತಿನಿಂದಲೇ ಆಯಿಲ್ ತುಳುಕಿದರೆ ತುಂಬಿತು ಎಂದರ್ಥ.

“ಬಂತಾ?”

“ಇಲ್ಲ.”

“ಈಗ?”

“ಇಲ್ಲ ಅತ್ತೆ, ಇನ್ನೂ—” ಎನ್ನುವಷ್ಟರಲ್ಲಿ ಆಯಿಲ್ ನೇರ ನನ್ನ ಹಣೆಗೆ ಬಂತು. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಬೋಲ್ಟು ಬಿಗಿದು, ಕಾರು ಇಳಿಸಿ, ಬೀದಿಯಲ್ಲಿ ಒಂದು ಸುತ್ತು ಹಾಕಿದೆವು. ಎರಡನೇ ಗೇರು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಿತ್ತು. ಅತ್ತೆ ಬೇಕೆಂದೇ ನಿಲ್ಲಿಸಿ, ಹೊರಟು, ಮತ್ತೆ ನಿಲ್ಲಿಸಿ, ಏಳೆಂಟು ಸಲ ಹಾಕಿ ನೋಡಿದರು.

ಮೂರು ಗಂಟೆಗೆ ಪರೀಕ್ಷಕರು ಅತ್ತೆಯ ಪಕ್ಕ ಕೂತರು. ನಾನು ಬೇಲಿಯ ಕಂಬಿ ಹಿಡಿದು ನಿಂತೆ. ಹೊರಡುವಾಗಲೇ ಒಂದು ಸಲ ಎಂಜಿನ್ ಬಂದ್ ಆಯಿತು. ಮತ್ತೆ ಹೊರಟರು. ತಿರುವು, ಏರು, ಹಿಂದಕ್ಕೆ ತೆಗೆಯುವುದು, ಎಲ್ಲವೂ ಮುಗಿಯಿತು. ಪರೀಕ್ಷಕರು ಇಳಿದು, ಪಾಸು ಎಂದು ಕಾಗದಕ್ಕೆ ಸಹಿ ಹಾಕುತ್ತಾ, “ಎಲ್ಲಿ ಕಲಿತ್ರಿ ಅಮ್ಮಾ?” ಎಂದರು.

“ಮನೇಲೇ. ನಮ್ಮ ಸೊಸೆ ಒಳ್ಳೆ ಟೀಚರ್ರು, ಸ್ವಲ್ಪ ಬಾಯಿ ಜೋರು” ಎಂದರು ಅತ್ತೆ.

ನಾನು ಓಡಿಹೋಗಿ ಕಿಟಕಿಯಿಂದಲೇ ಅಪ್ಪಿಕೊಂಡೆ. ಆಮೇಲೆ ಕಾರು ಹತ್ತಲು ಆಚೆ ಕಡೆಯ ಬಾಗಿಲು ಹಿಡಿದರೆ ಅದು ತೆರೆಯಲಿಲ್ಲ. ಅತ್ತೆ ಒಳಗಿನಿಂದ ಚಿಲಕ ಹಾಕಿಕೊಂಡಿದ್ದರು. ಗಾಜನ್ನು ನಾಲ್ಕು ಬೆರಳಿನಷ್ಟು ಇಳಿಸಿದರು.

“ನೀನು ಬಸ್ಸಲ್ಲಿ ಹೋಗಮ್ಮ. ನಾನು ಅಕ್ಕನ ಮನೆಗೆ ಹೋಗಿ ಬರ್ತೀನಿ. ತಡ ಆಗತ್ತೆ, ಅಡುಗೆ ನೀನೇ ಮಾಡ್ಕೊ.”

“ಒಬ್ರೇನಾ ಅತ್ತೆ?”

“ಒಬ್ಳೇ” ಎಂದರು. ಆ ಒಂದು ಮಾತನ್ನು ಅವರು ಎಷ್ಟು ಸಂತೋಷದಿಂದ ಹೇಳಿದರೆಂದರೆ ನಾನು ಬಾಗಿಲು ಬಿಟ್ಟು ಹಿಂದಕ್ಕೆ ಸರಿದೆ.

ಹಣೆಯಲ್ಲಿ ಆಯಿಲು, ಉಗುರಿನಲ್ಲಿ ಮಸಿ, ಕೈಯಲ್ಲಿ ಬಸ್ಸಿಗೆ ಚಿಲ್ಲರೆಯೂ ಇಲ್ಲದೆ ರಸ್ತೆ ಬದಿಯಲ್ಲಿ ನಿಂತೆ. ಕಾರು ಗೇಟು ದಾಟಿತು, ಅಕ್ಕನ ಮನೆಯ ಕಡೆಗೆ ತಿರುಗಿತು. ಹಿಂದಿನ ಕನ್ನಡಿಯಲ್ಲಿ ನಾನು ಕಾಣುತ್ತಿದ್ದೆನೋ ಏನೋ, ಅತ್ತೆ ನೋಡಿದ ಹಾಗೆ ಕಾಣಲಿಲ್ಲ.