ಸಾಬೂನು ತಾಗಿದ ಕಾಲು

"ಒಂದೂ ಹತ್ತಲಿಲ್ವಾ?" ಹೊಂಡದ ದಂಡೆಯಲ್ಲಿ ಮೊಮ್ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಅತ್ತೆ ಕೇಳಿದಳು.

ಸೊಸೆ ಬೆಳಗಿನಿಂದ ಮೊಣಕಾಲುದ್ದ ಕೆಸರುನೀರಿನಲ್ಲಿ ನಿಂತಿದ್ದಳು. ಜಿಗಣೆ ಹಿಡಿಯುವವರಿಗೆ ಬಲೆಯೂ ಬೇಡ, ಗಾಳವೂ ಬೇಡ. ತಮ್ಮ ಕಾಲೇ ಸಾಕು. ಕಚ್ಚಿದ್ದನ್ನು ರಕ್ತ ಹೀರುವ ಮೊದಲೇ ಕಿತ್ತು ಮಡಕೆಗೆ ಹಾಕಬೇಕು. ಹೊಟ್ಟೆ ತುಂಬಿದ ಜಿಗಣೆ ರೋಗಿಯ ಮೈಗೆ ಬಾಯಿ ಹಾಕುವುದಿಲ್ಲ, ವೈದ್ಯರಿಗೆ ಅದು ಬೇಡ. ಇವತ್ತು ಆ ಹಾಳು ಜಿಗಣೆಗಳು ಅವಳ ಕಾಲಿನವರೆಗೆ ಬಂದು, ಮೂಸಿದಂತೆ ಮಾಡಿ, ಹಾಗೇ ತಿರುಗಿ ಹೋಗುತ್ತಿದ್ದವು. ಎಷ್ಟು ಕೆಸರು ತಿಕ್ಕಿಕೊಂಡರೂ ಅಷ್ಟೆ.

"ಕೊಳಕು ಕಾಲು ಅಂತ ವೈದ್ಯರ ಹೆಂಡ್ತಿ ನಿನ್ನೆ ಬಾಗಿಲಲ್ಲೇ ಸಾಬೂನು ಹಾಕಿ ತೊಳೆಸಿದ್ರು, ಅತ್ತೆ. ಇಲ್ದಿದ್ರೆ ಒಳಗೇ ಬಿಡಲ್ಲ ಅಂದ್ರು."

"ಅಯ್ಯೋ ನನ್ನ ಕರ್ಮವೇ! ಸಾಬೂನು ತಾಗಿದ ಕಾಲಿಗೆ ವಾರ ಕಳೆದ್ರೂ ಜಿಗಣೆ ಬರಲ್ಲ ಅಂತ ಗೊತ್ತಿಲ್ವೇನೇ? ಇಷ್ಟು ವರ್ಷ ಏನು ಕತ್ತೆ ಕಾಯ್ತಿದ್ದೆ?"

ಗೊತ್ತಿಲ್ಲದೆ ಏನು! ಉಸಿರಿಗೆ ಒದ್ದಾಡುವ ಕೂಸು ಕಂಕುಳಲ್ಲಿದ್ದಾಗ ಯಾವ ತಾಯಿಗೆ ಜಿಗಣೆಯ ನೆನಪಾದೀತು? ಅಷ್ಟಾದರೂ ವೈದ್ಯರು ಕೂಸನ್ನು ಮುಟ್ಟಲಿಲ್ಲ. ನಾಳೆ ಹೊತ್ತು ಮುಳುಗುವುದರೊಳಗೆ ಒಂದು ಮಡಕೆ ಜಿಗಣೆ ತಾ, ಆಮೇಲೆ ಔಷಧಿ ಎಂದಿದ್ದರು. ಬಿಸಿಲು ಆಗಲೇ ಇಳಿಯುತ್ತಿತ್ತು. ಮಗುವಿಗೆ ಅಳುವುದಕ್ಕೂ ತ್ರಾಣವಿರಲಿಲ್ಲ.

ಅತ್ತೆ ಮಗುವನ್ನು ಕಂಬಳಿಯ ಮೇಲೆ ಮಲಗಿಸಿ, ಮಡಕೆ ಎತ್ತಿಕೊಂಡು ನೀರಿಗಿಳಿದಳು.

"ಬೇಡ ಅತ್ತೆ! ಹೋದ್ಸಲ ಇಲ್ಲೇ ಬಿದ್ದಾಗ ನಿಮ್ಮನ್ನ ಹೊತ್ಕೊಂಡು ಹೋಗಿದ್ದು ಮರೆತ್ರಾ? ಮೈಯಲ್ಲಿ ರಕ್ತ ಎಲ್ಲಿದೆ?"

"ಇರೋದನ್ನ ಕುಡೀಲಿ. ನನ್ನ ಕಾಲು ಸಾಬೂನು ಕಂಡು ಯಾವ ಕಾಲ ಆಯ್ತೋ! ಈ ಗಬ್ಬು ನಾತಕ್ಕೆ ಮೂಗು ಮುಚ್ಕೋತಿದ್ದೆಯಲ್ಲ, ಈಗ ಅದೇ ಬೇಕಾಯ್ತು ನೋಡು."

ಜಿಗಣೆಗಳು ಬಂದವು, ಬರಗೆಟ್ಟವರಂತೆ. ಸೊಸೆ ಒಂದು ಕೈಯಿಂದ ಅತ್ತೆಯ ಸೊಂಟ ಬಳಸಿ ಹಿಡಿದು, ಇನ್ನೊಂದರಿಂದ ಅವನ್ನು ಕಿತ್ತು ಕಿತ್ತು ಮಡಕೆಗೆ ಹಾಕಿದಳು. ಕಿತ್ತ ಜಾಗದಿಂದ ರಕ್ತ ಸೋರುತ್ತಲೇ ಇತ್ತು. ಅವಳಿಗೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ ಕಿತ್ತಳು.

ಮಡಕೆ ತುಂಬಿತು. ಅತ್ತೆಯ ತುಟಿ ಬಿಳಿಚಿತ್ತು. ಮೊಣಕಾಲು ಕುಸಿಯಿತು, ಕೈಯಲ್ಲಿದ್ದ ಮಡಕೆ ನೀರಿನತ್ತ ವಾಲಿತು.

"ಅತ್ತೆ! ಗಟ್ಟಿಯಾಗಿ ಹಿಡ್ಕೊಳ್ಳಿ ನನ್ನ!"

"ನನ್ನ ಬಿಡೇ," ಎಂದಳು ಅತ್ತೆ. "ಮಡಕೆ ಹಿಡ್ಕೋ."

ಸೊಸೆ ಎರಡೂ ಕೈಗಳಿಂದ ಮಡಕೆ ಹಿಡಿದುಕೊಂಡಳು.