ಹೊಲ್ಗೆರನ ರಸಮಟ್ಟ

ಚಳಿಗಾಲ ಕಳೆಯಲು ಯೆಮ್ಟ್‌ಲಾಂಡಿನ ನಮ್ಮ ಬೆಟ್ಟದ ತಂಗುದಾಣಕ್ಕೆ ಬರುವ ಮನೆಗಾಡಿಗಳಲ್ಲೆಲ್ಲ ಹೊಲ್ಗೆರನದ್ದೇ ಮಟ್ಟಸ. ಬಂದ ದಿನವೇ ಹಿಮ ಕೆರೆದು, ಚಕ್ರಗಳ ಕೆಳಗೆ ಹಲಗೆ ಕೊಟ್ಟು, ರಸಮಟ್ಟ ಹಿಡಿದು, ಅದರ ಗುಳ್ಳೆ ನೋಡುತ್ತ ಗಾಡಿಯ ಸುತ್ತ ಮಂಡಿಯ ಮೇಲೆ ತಿರುಗುತ್ತಿದ್ದ. ಕೊನೆಗೆ ಅಂಚಿನವರೆಗೆ ಕಾಫಿ ತುಂಬಿದ ಕಪ್ಪನ್ನು ಒಳಗಿನ ಮೇಜಿನ ಮೇಲಿಟ್ಟು, ಒಂದು ಹನಿಯೂ ತುಳುಕದಿರುವುದನ್ನು ನಮ್ಮನ್ನೆಲ್ಲ ಕರೆದು ತೋರಿಸುತ್ತಿದ್ದ. ನೋಡಿ, ತಲೆಯಾಡಿಸಿ, ಅದೇ ಕಾಫಿ ಕುಡಿದು ಬರುತ್ತಿದ್ದೆವು.

ಈ ಸಲ ಅವನಿಗೆ ಇನ್ನೊಂದು ಕೆಲಸವಿತ್ತು. ಗಾಡಿಯನ್ನು ಬೆಚ್ಚಗಿಡಲು ಕೊಳವೆಗಳಲ್ಲಿ ಸುತ್ತುವ ಗುಲಾಬಿ ಬಣ್ಣದ ಕೂಲಂಟ್ ದ್ರವ ಹಳತಾಗಿ ಕಂದಿತ್ತು. ಅದನ್ನು ಖಾಲಿ ಮಾಡಿ ಹೊಸದನ್ನು ತಾನೇ ತುಂಬಿದ. ತುಂಬುವಾಗ ಜೊತೆಗೆ ಗಾಳಿಯೂ ಹೊಕ್ಕು ಕೊಳವೆಯಲ್ಲಿ ಅಡ್ಡ ಕೂತಿತು. ಗ್ಯಾಸಿನ ಬಾಯ್ಲರ್ ಉರಿಯುತ್ತದೆ, ಪಂಪು ತಿರುಗುತ್ತದೆ, ಮುಂದೆ ಕೂರುವ ಕಡೆ ಹಿತವಾಗಿದೆ. ಹಿಂದೆ ಹಾಸಿಗೆಯ ಸುತ್ತಲಿನ ರೇಡಿಯೇಟರ್‌ಗಳು ಮಾತ್ರ ಮಂಜುಗಡ್ಡೆ.

ಅವನ ಹೆಂಡತಿ ಸಿವ್ ಟೋಪಿ, ಕೈಗವಸು ಎಲ್ಲ ಹಾಕಿಕೊಂಡೇ ಮಲಗತೊಡಗಿದಳು. ಒಂದು ಬೆಳಿಗ್ಗೆ ನನ್ನ ಗಾಡಿಗೆ ಬಂದು ಕಾಲು ಕಾಯಿಸಿಕೊಳ್ಳುತ್ತ ಹೇಳಿದಳು:

"ಭಾನುವಾರ ನನ್ನ ಹುಟ್ಟುಹಬ್ಬ. ಅಷ್ಟರೊಳಗೆ ಹಾಸಿಗೆ ಬೆಚ್ಚಗಾಗದಿದ್ರೆ ಗಾಡಿ ಮಾರಿ ಪಟ್ಟಣದಲ್ಲಿ ಮನೆ ಮಾಡೋಣ ಅಂದುಬಿಟ್ಟೆ."

"ಅವನೇನಂದ?"

"ರಸಮಟ್ಟ ತಗೊಂಡು ಆಚೆ ಹೋದ."

ಅವನ ಹೆದರಿಕೆ ನನಗೆ ಅರ್ಥವಾಗುತ್ತಿತ್ತು. ಸಿವ್ ಅಂದದ್ದನ್ನು ಮಾಡುವವಳು, ಅವನಿಗೋ ಈ ಗಾಡಿಯೇ ಲೋಕ. ದಿನವಿಡೀ ಬಗ್ಗಿ, ರೇಡಿಯೇಟರ್‌ಗಳ ಗಾಳಿ ಬಿಡುವ ಸ್ಕ್ರೂ ಸಡಿಲಿಸುತ್ತಿದ್ದ. ಸುಸ್ ಅಂದು ನಾಲ್ಕು ಗುಲಾಬಿ ಹನಿ ಅವನ ಮೂಗಿಗೆ ಸಿಡಿಯುತ್ತಿದ್ದವು, ಅಷ್ಟೆ. "ಗಾಡಿ ಎಲ್ಲೋ ಕೂದಲೆಳೆಯಷ್ಟು ವಾಲಿರಬೇಕು" ಎಂದು ಮತ್ತೆ ಹಲಗೆ ಸರಿಪಡಿಸಿ ಇನ್ನಷ್ಟು ಮಟ್ಟಸ ಮಾಡುತ್ತಿದ್ದ. ಪಕ್ಕದ ಗಾಡಿಯ ಸಿಕ್ಸ್ಟೆನ್ ಕಾಫಿ ಹಿಡಿದು ಬಾಗಿಲಲ್ಲಿ ನಿಂತು ನೋಡುತ್ತಿದ್ದ. ನೋಡಿ ಒಳಗೆ ಹೋಗುತ್ತಿದ್ದ.

ಕೊನೆಗೆ ಹೊಲ್ಗೆರ್ ನನ್ನನ್ನು ಕರೆದ. "ನಿನ್ನ ಕಿವಿ ಚುರುಕು. ಗಾಳಿ ಎಲ್ಲಿ ಕೂತಿದೆ ಕೇಳು, ಮಾರಾಯ."

ನೆಲಕ್ಕೆ ಕಿವಿಯಿಟ್ಟು ಮಲಗಿದೆ. ಚಿಕ್ಕಂದಿನಲ್ಲಿ ಅಜ್ಜಿ ಒಲೆಯ ಪಕ್ಕ ಕೂತು ಸ್ತುತಿಪದಗಳನ್ನು ಬಾಯಿಪಾಠ ಹೇಳುತ್ತಿದ್ದಳು. ಯಾವ ಸಾಲಿನ ಕೊನೆಗೆ ಉಸಿರು ಎಳೆಯುತ್ತಾಳೆಂದು ನನಗೆ ಪದಕ್ಕಿಂತ ಮೊದಲೇ ಗೊತ್ತಿರುತ್ತಿತ್ತು. ಈ ಕೊಳವೆಯೂ ಒಂದು ಸಾಲು ಹೇಳುತ್ತಿತ್ತು, ಉಸಿರು ಎಳೆಯುತ್ತಿತ್ತು, ಮುಂದಿನ ಸಾಲು ಬರುತ್ತಲೇ ಇರಲಿಲ್ಲ.

"ಸಿವ್‌ಳ ದಿಂಬಿನ ಕೆಳಗೆ ಉಸಿರು ಕಟ್ಟಿದೆ" ಎಂದೆ.

"ಅದು ಅವಳದ್ದೇ ಇರಬೇಕು. ನಿನ್ನೆಯಿಂದ ನನ್ನ ಹತ್ರ ಮಾತಿಲ್ಲ."

ಶನಿವಾರ ಹೊಲ್ಗೆರ್ ಹಬೆಸ್ನಾನಕ್ಕೆಂದು ಸೌನಾಕ್ಕೆ ಹೋದ ಹೊತ್ತಿಗೆ ಸಿವ್‌ಳ ತಾಳ್ಮೆ ಮುಗಿಯಿತು. ವಿದ್ಯುತ್ತಿನ ತಂತಿ ಕಳಚಿದಳು, ಪಂಪನ್ನು ಬ್ಯಾಟರಿಯ ಮೇಲೆ ಓಡಲು ಬಿಟ್ಟು ಅಕ್ಕನ ಮನೆಗೆಂದು ಗಾಡಿ ಹೊರಡಿಸಿದಳು. ಹಲಗೆಯಿಂದ ಇಳಿದ ಗಾಡಿ ಹಿಮದಲ್ಲಿ ಜಾರಿ, ದಾರಿಯಂಚಿಗೆ ಯಂತ್ರ ತಳ್ಳಿಟ್ಟ ಹಿಮದ ದಿಬ್ಬ ಹತ್ತಿ, ಮೂಗನ್ನು ಆಕಾಶಕ್ಕೆತ್ತಿ ನಿಂತುಬಿಟ್ಟಿತು.

ಚಕ್ರ ಬರಿದೇ ತಿರುಗುವ ಸದ್ದು ಕೇಳಿದರೆ ನಮ್ಮಲ್ಲಿ ಎಲ್ಲ ಬಾಗಿಲೂ ತೆರೆಯುತ್ತವೆ. ಯಾರೂ ಏನೂ ಕೇಳುವುದಿಲ್ಲ, ಸಲಿಕೆ ತಂದು ಅಗೆಯುತ್ತಾರೆ. ಹಾಗೇ ಅಗೆಯುತ್ತಿದ್ದಾಗ ಹೊಲ್ಗೆರ್ ಬೂಟು ಮೆಟ್ಟಿ, ಸೊಂಟಕ್ಕೆ ಟವೆಲ್ ಸುತ್ತಿಕೊಂಡು, ಮೈಯೆಲ್ಲ ಹಬೆಯಾಡುತ್ತ ಓಡಿಬಂದ.

"ಅಯ್ಯೋ ನನ್ನ ಗಾಡಿ!"

"ಒಳಗೆ ನಿನ್ನ ಹೆಂಡತಿ ಇದ್ದಾಳೆ" ಎಂದ ಸಿಕ್ಸ್ಟೆನ್.

"ಅವಳಿಗೇನಾಗುತ್ತೆ? ಗಾಡಿ ನೋಡು, ಹೇಗೆ ವಾಲಿದೆ!"

"ಕೇಳಿಸ್ತು" ಎಂದಳು ಸಿವ್ ಕಿಟಕಿಯಿಂದ.

ಆಗ ನನಗೆ ಬೇರೇನೋ ಕೇಳಿಸಿತು. ಗಾಡಿಯ ಹೊಟ್ಟೆಯಲ್ಲಿ ಗುಳುಕ್. ಮತ್ತೊಂದು. ಆಮೇಲೆ ಹಿಂದಿನಿಂದ ಮುಂದಕ್ಕೆ ಉದ್ದಕ್ಕೂ ಗುಳು ಗುಳು ಗುಳು.

"ಅಗೆಯಬೇಡಿ!" ಎಂದು ಕೂಗಿದೆ. ನಾನು ಕೂಗಿದ್ದನ್ನು ಅಲ್ಲಿಯವರೆಗೆ ಯಾರೂ ಕೇಳಿದವರಲ್ಲ, ಎಲ್ಲರ ಸಲಿಕೆಯೂ ನಿಂತಿತು. "ಹೊಲ್ಗೆರ್, ಗಾಳಿ ಹತ್ತಿ ಬರ್ತಿದೆ! ಕೂಲಂಟ್ ಟ್ಯಾಂಕು ನೋಡು!"

ಅವನು ಟವೆಲ್ಲಿನಲ್ಲೇ ಒಳಗೆ ತೆವಳಿದ. ಮುಂದಿನ ಕಪಾಟಿನೊಳಗಿನ ಟ್ಯಾಂಕಿನ ಮುಚ್ಚಳ ತೆಗೆದರೆ ಅಲ್ಲಿ ಗುಳ್ಳೆಗಳ ಸಂತೆ. ಕೂಲಂಟ್ ಇಳಿಯಿತು, ಸುರಿದ. ಮತ್ತೆ ಇಳಿಯಿತು, ಮತ್ತೆ ಸುರಿದ. ಸಿವ್ ಹಿಂದಕ್ಕೆ ಇಳಿದು ಹಾಸಿಗೆಯ ಪಕ್ಕದ ರೇಡಿಯೇಟರಿನ ಮೇಲೆ ಕೈಯಿಟ್ಟು ಕಾದಳು. ನಾವೆಲ್ಲ ಬಾಗಿಲಲ್ಲಿ ಉಸಿರು ಹಿಡಿದು ನಿಂತಿದ್ದೆವು.

"ಹೊಲ್ಗೆರ್."

"ಏನು?"

"ಬಿಸಿ."

ಸಿಕ್ಸ್ಟೆನ್ ಸಲಿಕೆಗೆ ಒರಗಿದ. "ಮತ್ತೆ? ಗಾಳಿ ಮೇಲಕ್ಕೆ ತಾನೇ ಹೋಗೋದು. ಮೂಗು ಎತ್ತಿ ನಿಲ್ಲಿಸಬೇಕು. ಎಲ್ಲರಿಗೂ ಗೊತ್ತಿರೋದೇ."

"ಗೊತ್ತಿದ್ದೂ ಹೇಳಲಿಲ್ವಾ ನೀನು?" ಎಂದ ಹೊಲ್ಗೆರ್.

"ನೀನು ಕೇಳಲಿಲ್ವಲ್ಲ."

ಎಲ್ಲರೂ ಹೌದೆಂದು ತಲೆಯಾಡಿಸಿದರು. ನಾವು ಸಲಿಕೆಯನ್ನು ಕೇಳದೆಯೇ ಕೊಡುತ್ತೇವೆ. ಸಲಹೆಯನ್ನು ಕೇಳದೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಅದರಲ್ಲೂ ಹೊಲ್ಗೆರನಿಗೆ ಹೋಗಿ ಗಾಡಿ ವಾಲಿಸು ಅನ್ನುವ ಧೈರ್ಯ ಯಾರಿಗಿತ್ತು?

ಹೊಲ್ಗೆರ್ ಟವೆಲ್ ಬಿಗಿಮಾಡಿಕೊಂಡ. ಆಮೇಲೆ ನಾವಾರೂ ಅವನ ಬಾಯಲ್ಲಿ ಕೇಳಿರದ ಮಾತು ಬಂತು: "ಈಗ... ಮುಂದೇನು ಮಾಡಬೇಕು?"

ಒಮ್ಮೆಲೇ ಎಲ್ಲರೂ ಮಾತಾಡತೊಡಗಿದರು. ಸಂಜೆಯವರೆಗೂ ನಿಲ್ಲಿಸಲಿಲ್ಲ. ವಿದ್ಯುತ್ತಿನ ತಂತಿಯನ್ನು ಎಳೆತಂದು ಸಿಕ್ಕಿಸಿ, ಪಂಪು ಹಾಗೇ ಓಡಲಿ, ಇನ್ನೂ ಎರಡು ದಿನ ಗಾಡಿ ಇಳಿಸಬಾರದು ಎಂದು ತೀರ್ಮಾನವಾಯಿತು.

ಹೀಗೆ ಸಿವ್‌ಳ ಹುಟ್ಟುಹಬ್ಬದ ಕಾಫಿ ಹಿಮದ ದಿಬ್ಬದ ಮೇಲೆಯೇ ನಡೆಯಿತು. ಕಪ್ಪುಗಳಿಗೆ ಅರ್ಧ ಮಾತ್ರ ತುಂಬಿದೆವು. ಕೊಳವೆ ನನ್ನ ಕಾಲ ಕೆಳಗೆ ತಡೆಯಿಲ್ಲದೆ ಸಾಲಿನ ಮೇಲೆ ಸಾಲು ಹೇಳಿಕೊಳ್ಳುತ್ತಿತ್ತು. ಸಿವ್ ಬರಿಗಾಲಲ್ಲಿ ಮೇಜಿನ ತಗ್ಗಿನ ತುದಿಯಲ್ಲಿ ಕೂತಿದ್ದಳು. ತಟ್ಟೆಯಿಂದ ತಪ್ಪಿಸಿಕೊಂಡ ಬಿಸ್ಕತ್ತುಗಳೆಲ್ಲ ಜಾರುತ್ತ ಅವಳ ಕೈಗೇ ಬರುತ್ತಿದ್ದವು.

ಹೊಲ್ಗೆರನಿಗೆ ತಡೆಯಲಾಗಲಿಲ್ಲ. ರಸಮಟ್ಟಕ್ಕೆ ಕೈ ಚಾಚಿ, "ಮೇಜನ್ನಾದರೂ ಸ್ವಲ್ಪ ಮಟ್ಟಸ ಮಾಡ್ಲಾ?" ಎಂದ.

"ಮುಟ್ಟಿದ್ರೆ ನೋಡು" ಎಂದಳು ಸಿವ್, ಇನ್ನೊಂದು ಬಿಸ್ಕತ್ತು ಹಿಡಿಯುತ್ತ. "ಪಟ್ಟಣದ ಮನೇಲಿ ಇವೆಲ್ಲ ತಾವಾಗೇ ನಡ್ಕೊಂಡು ಬರ್ತಾವಾ?"