ತುಸು ಹಳದಿಯತ್ತ ಒಲವು

ನೀರಿನ ಮೇಲೆ ಬಿಸಿಲು ಚೂರುಚೂರಾಗಿ ಕುಣಿಯುತ್ತಿದೆ, ಜೂಮ್ ಎಳೆದರೆ ಒಂದೊಂದು ಚೂರೂ ಉಬ್ಬಿ ಬೆಳಕಿನ ಬಿಲ್ಲೆಯಾಗುತ್ತದೆ, ನಡುವೆ ದುಂಡಗೆ, ಅಂಚಿಗೆ ಹೋದಂತೆ ಬೆಕ್ಕಿನ ಕಣ್ಣಿನ ಹಾಗೆ ಸೊಟ್ಟಗೆ, ಒಳಗೆ ಈರುಳ್ಳಿ ಕೊಯ್ದಂಥ ಸುತ್ತುಗಳಿಲ್ಲ, ಒಳ್ಳೆಯದು, ಬರೆದುಕೊಳ್ಳಬೇಕು — ಆದರೆ ಬೆಂಚು ಖಾಲಿ. ಲೆನ್ಸು ಹಿಂದೆ ಮುಂದೆ ತಡಕಾಡುತ್ತದೆ, ಹಿಡಿಯಲು ಮುಖವಿಲ್ಲ. ಸಿಕ್ಸ್ಟೆನ್ ಕ್ಯಾಮೆರಾ ಇಳಿಸಿದ. ಹತ್ತೊಂಬತ್ತು ವರ್ಷ, ಪತ್ರಿಕೆಗೆ ವಿಮರ್ಶೆಗೆಂದು ಬಂದ ಪ್ರತಿ ಲೆನ್ಸಿಗೂ ಸಿಮ್ರಿಸ್‌ಹಾಮ್ನ್ ಬಂದರಿನ ಇದೇ ಬೆಂಚು, ಬೆಂಚಿನ ಮೇಲೆ ಗುನ್ವೋರ್, ತೊಡೆಯ ಮೇಲೆ ಕಾಫಿ ಫ್ಲಾಸ್ಕು, ಚಳಿಗೆ ಕೆಂಪಾದ ಮೂಗು, ಅಲ್ಲ ಕಣೋ, ನಾನು ನಿನ್ನ ಹೆಂಡ್ತಿನೋ ಪರೀಕ್ಷೆಗಿಟ್ಟ ಬೊಂಬೆನೋ, ಸುಮ್ನಿರು ಗುನ್ವೋರ್, ರೆಪ್ಪೆ ಅಂಚಲ್ಲಿ ಲೆನ್ಸಿನ ನೇರಳೆ ಗೆರೆ ಬರ್ತಿದೆ, ಬರ್ಲಿ ಬಿಡು, ದುಡ್ಡಿಲ್ದೆ ಕಾಡಿಗೆ ಹಚ್ಚಿದ ಹಾಗಾಯ್ತು. ನಗುತ್ತಿದ್ದಳು. ಅವಳು ಹೋಗಿ ಐದು ತಿಂಗಳು, ನವೆಂಬರಿನಲ್ಲಿ, ಮೇದೋಜೀರಕದ ಕ್ಯಾನ್ಸರ್ ಎಂದು ತಿಳಿದ ಒಂಬತ್ತನೆಯ ವಾರ. ಪತ್ರಿಕೆಯ ಸಂಪಾದಕಿ ಫೋನಿನಲ್ಲಿ ತಡವರಿಸಿದ್ದಳು, ಬೇರೆ ಯಾರನ್ನಾದ್ರೂ ಕೂರ್ಸಿ ಸಿಕ್ಸ್ಟೆನ್, ಇಲ್ದಿದ್ರೆ ಬರೀ ಬೆಂಚಾದ್ರೂ ಸಾಕು. ಬರೀ ಬೆಂಚು.

ಹಿಂದಿನ ಚಿತ್ರದಂತೆಯೇ ಚೌಕಟ್ಟು ಹೊಂದಿಸಲೆಂದು ತಂದ ಪತ್ರಿಕೆಯ ಹಳೆಯ ಸಂಚಿಕೆ ಗಾಳಿಗೆ ತಾನೇ ಬಿಚ್ಚಿಕೊಳ್ಳುತ್ತದೆ, ಆಗಸ್ಟಿನ ಪುಟ, ಪುಟದ ತುಂಬ ಅವಳು — ಅವತ್ತು ಬನ್ನು ಮುರಿದು ಹಾಗೇ ಇಟ್ಟಿದ್ದಳು, ಯಾಕೋ ತಿನ್ನೋಕೆ ಮನ್ಸಿಲ್ಲ, ಅಂಗೈಯೆಲ್ಲ ಏನ್ ತುರಿಕೆ ಅಂತೀಯ, ಕೆರೆದುಕೊಳ್ಳುತ್ತಿದ್ದಳು, ಕೈ ಮಸುಕಾಗಿ ಹನ್ನೆರಡು ಚಿತ್ರ ಹಾಳು, ಅಲ್ಲಾಡ್ಬೇಡ ಅಂದೆ ತಾನೆ, ಸ್ವಲ್ಪ ಹೊತ್ತು ಅಲ್ಲಾಡ್ದೆ ಕೂರೋಕಾಗಲ್ವಾ ನಿಂಗೆ? ಕೂತಳು. ಕೈಗಳನ್ನು ತೊಡೆಯಡಿ ಒತ್ತಿ ಹಿಡಿದು ಕೂತಳು. ಮನೆಗೆ ಬಂದು ಪರದೆಯ ಮೇಲೆ ಅವಳ ಕಣ್ಣನ್ನು ತಟ್ಟೆಯಷ್ಟು ದೊಡ್ಡದು ಮಾಡಿ ನೋಡಿದ್ದ, ಕಣ್ಣಿನ ಬಿಳಿಯಲ್ಲಿ ನಿಂಬೆಯ ಛಾಯೆ, ನೋಡಿದ್ದ, ಕಣ್ಣಾರೆ ನೋಡಿದ್ದ, ನೋಡಿ ಬರೆದಿದ್ದ: ಈ ಲೆನ್ಸಿಗೆ ತುಸು ಹಳದಿಯತ್ತ ಒಲವಿದೆ. ಅವಳೇ ಅಚ್ಚಿಗೆ ಮುಂಚೆ ಓದಿ ಕಾಗುಣಿತ ತಿದ್ದಿಕೊಟ್ಟಳು. ಆಮೇಲೆ ಆಸ್ಪತ್ರೆಯ ವೈದ್ಯೆ, ಚಿಕ್ಕ ವಯಸ್ಸು, ಕಣ್ಣು ಹಳದಿಯಾಗಿ ಎಷ್ಟು ದಿನ ಆಯ್ತು? ಎಷ್ಟು ದಿನ! ದಿನ, ಗಂಟೆ, ನಿಮಿಷ ಎಲ್ಲ ಚಿತ್ರದ ಜೊತೆಗೇ ಕ್ಯಾಮೆರಾದಲ್ಲಿ ದಾಖಲಾಗಿತ್ತು, ಗೊತ್ತಿಲ್ಲ ಎಂದ, ಗುನ್ವೋರ್ ಅವನ ಕಡೆ ನೋಡಲಿಲ್ಲ, ಕಿಟಕಿಯ ಕಡೆ ನೋಡಿದಳು, ಗೊತ್ತಿತ್ತೇ ಅವಳಿಗೆ, ಕಾಗುಣಿತ ತಿದ್ದುವಾಗಲೇ — ಬೇಡ. ಲೆನ್ಸಿನ ದೋಷವೆಂದೇ ನಂಬಿದ್ದೆ, ಯಾರಾದರೂ ಹಾಗೇ ನಂಬುತ್ತಿದ್ದರು, ಬಿಸಿಲಿಗೆ ಪುಟ ಹಿಡಿದು ನೋಡು ಬೇಕಾದರೆ, ಲೆನ್ಸು ಹಳದಿ ಬಳಿದಿದ್ದರೆ ಎಲ್ಲದಕ್ಕೂ ಬಳಿಯಬೇಕಲ್ಲ, ಎಲ್ಲದಕ್ಕೂ — ಅವಳ ಹೆಗಲ ಹಿಂದೆ, ಬೆಣ್ಣೆಯಂಥ ಮಸುಕು ಎಂದು ತಾನೇ ಹೊಗಳಿದ ಹಿನ್ನೆಲೆಯಲ್ಲಿ, ಅಂಚು ಕರಗಿ ನಿಂತ ಒಂದು ದೋಣಿ, ಬಿಳಿ, ಹಾಲಿನಷ್ಟು ಬಿಳಿ. ಅವಳ ಕಣ್ಣು ಹಳದಿ. ದೋಣಿ ಬಿಳಿ. ಕಣ್ಣು ಹಳದಿ, ದೋಣಿ ಬಿಳಿ, ದೋಣಿ ಬಿಳಿ